ದೋಣಿ ಟ್ರೇಲರ್‌ಗೆ ಎಲೆಕ್ಟ್ರಿಕ್ ವಿಂಚ್: ಆಲಮಟ್ಟಿ, ಹಿಡಕಲ್, ನವಿಲುತೀರ್ಥದ ದಂಡೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಚ್ ಎಂದರೆ ಡ್ರಮ್ ಮೇಲೆ ಹಗ್ಗ ಸುತ್ತಿಕೊಳ್ಳುತ್ತ ದೋಣಿಯನ್ನು ನೀರಿನಿಂದ ಟ್ರೇಲರ್ ಮೇಲೆ ಎಳೆಯುವ ಯಂತ್ರ. ಅದರ ಜೊತೆಗೆ ಬರುವ ಕೈಪಿಡಿ ಕಾಂಕ್ರೀಟ್ ಇಳಿಜಾರನ್ನು ಲೆಕ್ಕಕ್ಕೆ ಹಿಡಿದು ಬರೆದದ್ದು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ಹಿನ್ನೀರಿನಲ್ಲಿ ನಮಗೆ ಸಿಗುವುದು ಎರಿ ಮಣ್ಣಿನ ದಂಡೆ, ಗರಸಿನ ಇಳಿಜಾರು, ಅದೃಷ್ಟವಿದ್ದರೆ ನೀರಿಗೆ ಇಳಿದುಹೋದ ಹಳೆ ರಸ್ತೆಯ ತುದಿ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ದೋಣಿಯ ತೂಕಕ್ಕಿಂತ ದಂಡೆಯ ಮಾತೇ ಹೆಚ್ಚು.

ಹ್ಯಾಂಡ್ ವಿಂಚ್ ಇದೆಯಲ್ಲ, ಕರೆಂಟಿನದು ಬೇಕೇ ಬೇಕಾ?

ಎಲ್ಲರಿಗೂ ಬೇಡ. ಒಂದಕ್ಕೆ ಐದರ ಗೇರು, 20 ಸೆಂ.ಮೀ. ಹಿಡಿಕೆ, ಹಗ್ಗ ಸುತ್ತಿದ ಮೇಲೆ 3 ಸೆಂ.ಮೀ. ತ್ರಿಜ್ಯದ ಡ್ರಮ್ ಇರುವ ಸಾಮಾನ್ಯ ಹ್ಯಾಂಡ್ ವಿಂಚ್ ಕೈಬಲವನ್ನು 33 ಪಟ್ಟು ಮಾಡುತ್ತದೆ. 15 ಕೆಜಿ ಬಲದಿಂದ ಹಿಡಿಕೆ ತಿರುಗಿಸಿದರೆ, ಘರ್ಷಣೆಗೆ ಹೋಗುವುದನ್ನು ಕಳೆದೂ 350 ಕೆಜಿಯಷ್ಟು ಎಳೆತ ಸಿಗುತ್ತದೆ. ರೋಲರ್ ಇರುವ ಟ್ರೇಲರ್‌ ಮೇಲೆ 600 ಕೆಜಿಯ ದೋಣಿ ಏರಿಸಲು ಅಷ್ಟು ಧಾರಾಳ ಸಾಕು.

ತೊಂದರೆ ಇರುವುದು ಬಲದಲ್ಲಲ್ಲ, ಸುತ್ತುಗಳಲ್ಲಿ. ಹಿಡಿಕೆಯ ಒಂದು ಸುತ್ತಿಗೆ ಹಗ್ಗ ಬರುವುದು ಸುಮಾರು 38 ಮಿ.ಮೀ. ಆರು ಮೀಟರ್ ಎಳೆಯಲು 160 ಸುತ್ತು. ತಿಂಗಳಿಗೊಮ್ಮೆ ದೋಣಿ ಇಳಿಸುವವರು ಇದನ್ನು ಸಹಿಸಿಕೊಳ್ಳಬಹುದು. ದಿನಕ್ಕೆ ಎರಡು ಸಲ ಇಳಿಸಿ ಏರಿಸುವವರಿಗೆ, ಒಬ್ಬರೇ ಕೆಲಸ ಮಾಡುವವರಿಗೆ, ಮೇ ತಿಂಗಳ ವಿಜಯಪುರದ ಬಿಸಿಲಲ್ಲಿ ನಿಲ್ಲಬೇಕಾದವರಿಗೆ ಎಲೆಕ್ಟ್ರಿಕ್ ವಿಂಚ್ ಸಾರ್ಥಕ. ಗಾಳಿ ತುಂಬುವ ರಬ್ಬರ್ ದೋಣಿಯನ್ನು ನಾಲ್ಕು ಜನ ಹೊತ್ತು ಇಡುತ್ತಾರೆ; ಅದಕ್ಕೆ ಯಾವ ವಿಂಚೂ ಬೇಡ.

ಎಷ್ಟು ಕೆಜಿಯ ವಿಂಚ್ ತೆಗೆದುಕೊಳ್ಳಬೇಕು?

ಮೊದಲು ತೂಕ. ಕಂಪನಿ ಕಾಗದದಲ್ಲಿರುವುದು ಖಾಲಿ ದೋಣಿಯ ತೂಕ, ಅದನ್ನು ನಂಬಿ ಕೂರಬೇಡಿ. ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆಗಳಿಂದಾಗಿ ಕಾಟಾಗಳಿಗೆ ಕೊರತೆಯಿಲ್ಲ. ಎಂಜಿನ್, ತುಂಬಿದ ಪೆಟ್ರೋಲ್ ಟ್ಯಾಂಕ್, ಬಲೆ, ಲಂಗರು, ಜಾಕೆಟ್ ಎಲ್ಲ ಇಟ್ಟು ಟ್ರೇಲರ್ ಸಮೇತ ಒಮ್ಮೆ ತೂಗಿಸಿ, ದೋಣಿ ಇಳಿಸಿ ಬರಿ ಟ್ರೇಲರ್ ಇನ್ನೊಮ್ಮೆ ತೂಗಿಸಿ, ಕಳೆಯಿರಿ. ದೊಡ್ಡ ಕಾಟಾ 10–20 ಕೆಜಿ ಆಚೀಚೆ ತೋರಿಸಬಹುದು, ಈ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. 25 ಲೀಟರ್ ಪೆಟ್ರೋಲ್ ಎಂದರೆ 18 ಕೆಜಿಗಿಂತ ಸ್ವಲ್ಪ ಹೆಚ್ಚು. ದೋಣಿಯ ತಳದಲ್ಲಿ ನಿಂತ ನೀರು ಮಾತ್ರ ಲೀಟರಿಗೆ ಒಂದು ಕೆಜಿ. ಎರಡು ಕೊಡ ನೀರು ಉಳಿದರೂ ಮೂವತ್ತು ಕೆಜಿ ಕೂಡಿಕೊಂಡಿತು.

ಆಮೇಲೆ ಇಳಿಜಾರು. ಒಂದು ಮೀಟರ್ ಉದ್ದದ ನೇರ ಹಲಗೆಯ ಒಂದು ತುದಿಯನ್ನು ದಂಡೆಯ ಮೇಲ್ಭಾಗದಲ್ಲಿಟ್ಟು, ಗಾರೆಯವರ ರಸಮಟ್ಟದಿಂದ ಸಮ ಮಾಡಿ, ಕೆಳತುದಿಗೂ ನೆಲಕ್ಕೂ ಎಷ್ಟು ಸೆಂ.ಮೀ. ಅಂತರವಿದೆ ಅಳೆಯಿರಿ. 15 ಸೆಂ.ಮೀ. ಬಂದರೆ ಅದು ಶೇ. 15ರ ಇಳಿಜಾರು.

ಈಗ ಲೆಕ್ಕ: ತೂಕವನ್ನು ಇಳಿಜಾರು ಮತ್ತು ಘರ್ಷಣೆಯ ಮೊತ್ತದಿಂದ ಗುಣಿಸಬೇಕು. ಸರಿಯಾಗಿ ತಿರುಗುವ ರೋಲರ್‌ಗೆ ಘರ್ಷಣೆ 0.1 ಹಿಡಿಯಿರಿ, ಕಾರ್ಪೆಟ್ ಸುತ್ತಿದ ಹಲಗೆಗೆ 0.3, ಒದ್ದೆ ಮಣ್ಣಿನ ಮೇಲೆ ದೋಣಿಯ ಹೊಟ್ಟೆಯೇ ಜಾರಬೇಕಾದರೆ 0.6. 600 ಕೆಜಿಯ ದೋಣಿಗೆ ಶೇ. 15ರ ಇಳಿಜಾರಿನಲ್ಲಿ ರೋಲರ್ ಇದ್ದರೆ 150 ಕೆಜಿ ಎಳೆತ ಸಾಕು. ಹಲಗೆ ಇದ್ದರೆ 270. ಬರೀ ಶೇ. 5ರಷ್ಟು ಇಳಿಜಾರಿನ ರಾಡಿ ದಂಡೆಯಲ್ಲಿ ಅದೇ ದೋಣಿಗೆ 390 ಕೆಜಿ ಬೇಕು, ರಾತ್ರಿಯಿಡೀ ಅಲ್ಲೇ ಕೂತು ಮಣ್ಣು ಹಿಡಿದುಕೊಂಡಿದ್ದರೆ ಮೊದಲ ಜಗ್ಗಿಗೆ ಇನ್ನೂ ಹೆಚ್ಚು. ಕಡಿದಾದ ಕಾಂಕ್ರೀಟಿಗಿಂತ ಸಪಾಟಾದ ರಾಡಿ ಹೆಚ್ಚು ಬಲ ಬೇಡುತ್ತದೆ ಎಂಬುದನ್ನು ಗಮನಿಸಿ.

ಬಂದ ಅಂಕಿಯನ್ನು ಒಂದೂವರೆ ಪಟ್ಟು ಮಾಡಿ. ಮೇಲಿನ ದೋಣಿ ರಾಡಿಯಲ್ಲೂ ಓಡಾಡುವುದಾದರೆ ಡ್ರಮ್‌ನ ಮೊದಲ ಪದರದಲ್ಲಿ 600 ಕೆಜಿ ನಿಜವಾದ ಎಳೆತವಿರುವ ವಿಂಚ್ ಸರಿಹೋಗುತ್ತದೆ. ಲೆಕ್ಕ ಬೇಡವೆನ್ನುವವರಿಗೆ ಸುಲಭದ ಅಳತೆ: ಎಳೆತ ತುಂಬಿದ ದೋಣಿಯ ತೂಕಕ್ಕೆ ಸಮನಾಗಿರಲಿ.

ಡಬ್ಬಿಯ ಮೇಲೆ ಮೂರು ಬೇರೆ ಬೇರೆ ಅಂಕಿ ಇರುತ್ತವೆ. ಯಾವುದನ್ನು ನಂಬುವುದು?

ಅತಿ ಚಿಕ್ಕದನ್ನು. ದೊಡ್ಡಕ್ಷರದಲ್ಲಿ ಬರೆದದ್ದು ಸಾಮಾನ್ಯವಾಗಿ ಗಾಲಿಯ ಮೇಲೆ ಸಮನೆಲದಲ್ಲಿ ಉರುಳಿಸಬಹುದಾದ ತೂಕ. ಅದರ ಕೆಳಗಿನದು ಇಂತಿಷ್ಟು ತೂಕದ ದೋಣಿಗೆ ಸಾಕು ಎಂಬ ಅಂದಾಜು. ಹಗ್ಗ ನೇರವಾಗಿ ಎಳೆಯುವ ಬಲ ಸಣ್ಣಕ್ಷರದಲ್ಲಿ, ಕೆಲವೊಮ್ಮೆ ಕೈಪಿಡಿಯ ಒಳಪುಟದಲ್ಲಿ ಇರುತ್ತದೆ, ಮೊದಲಿನದರ ಕಾಲುಭಾಗವೂ ಇರದಿರಬಹುದು. ಅಂಕಿಗಳು ಪೌಂಡಿನಲ್ಲಿದ್ದರೆ 0.45ರಿಂದ ಗುಣಿಸಿ: 2000 ಪೌಂಡ್ ಎಂದರೆ ಸುಮಾರು 900 ಕೆಜಿ. ನೇರ ಎಳೆತದ ಅಂಕಿಯನ್ನೇ ಕೊಡದ ವಿಂಚ್ ಅಂಗಡಿಯಲ್ಲೇ ಇರಲಿ.

ಹೊಸ ವಿಂಚ್ ದೋಣಿಯನ್ನು ಅರ್ಧಕ್ಕೆ ತಂದು ಏದುಸಿರು ಬಿಡುತ್ತದೆ. ಯಾಕೆ?

ಹಗ್ಗ ಡ್ರಮ್ ಮೇಲೆ ಪದರ ಪದರವಾಗಿ ಏರಿದಂತೆ ಎಳೆತ ಇಳಿಯುತ್ತದೆ. 50 ಮಿ.ಮೀ. ಡ್ರಮ್, 5 ಮಿ.ಮೀ. ಹಗ್ಗ ಎಂದುಕೊಳ್ಳಿ. ಮೊದಲ ಪದರದಲ್ಲಿ ಲೆಕ್ಕಕ್ಕೆ ಬರುವ ವ್ಯಾಸ 55, ಎರಡರಲ್ಲಿ 65, ಮೂರರಲ್ಲಿ 75 ಮಿ.ಮೀ. ಮೊದಲ ಪದರದಲ್ಲಿ 600 ಕೆಜಿ ಎಳೆಯುವ ವಿಂಚ್ ಎರಡನೆಯದರಲ್ಲಿ 508, ಮೂರನೆಯದರಲ್ಲಿ 440 ಕೆಜಿಗೆ ಇಳಿಯುತ್ತದೆ.

ದೋಣಿಯ ವಿಂಚ್‌ನಲ್ಲಿ ಇದು ಇನ್ನಷ್ಟು ಕಾಡುತ್ತದೆ. ದೋಣಿ ನೀರಿನಲ್ಲಿರುವಾಗ ಭಾರವೇ ಇಲ್ಲ, ಹಗ್ಗವೆಲ್ಲ ಹೊರಗಿದ್ದು ವಿಂಚ್ ತನ್ನ ಪೂರ್ಣ ಬಲದಲ್ಲಿರುತ್ತದೆ. ದೋಣಿಯ ಪೂರ್ತಿ ತೂಕ ಟ್ರೇಲರ್ ಮೇಲೆ ಬರುವುದು ಕೊನೆಯ ಒಂದು ಮೀಟರಿನಲ್ಲಿ, ಅಷ್ಟೊತ್ತಿಗೆ ಹಗ್ಗ ಮೇಲಿನ ಪದರಕ್ಕೆ ಏರಿರುತ್ತದೆ. ಭಾರ ಹೆಚ್ಚಿದಾಗಲೇ ಬಲ ಕಡಿಮೆ.

ಆದ್ದರಿಂದ «ಇರಲಿ ಬಿಡು» ಎಂದು 15–20 ಮೀಟರ್ ಹಗ್ಗ ಸುತ್ತಿಡುವುದು ತಪ್ಪು. ಡ್ರಮ್ ಮೇಲೆ ದೋಣಿಯ ಉದ್ದಕ್ಕಿಂತ ಎರಡು ಮೂರು ಮೀಟರ್ ಹೆಚ್ಚು ಇದ್ದರೆ ಸಾಕು. ದೂರದಿಂದ ಎಳೆಯಬೇಕಾದ ದಿನಕ್ಕೆ ಎರಡೂ ತುದಿಯಲ್ಲಿ ಕುಣಿಕೆ ಇರುವ ಬೇರೊಂದು ಪಟ್ಟಿ ವಾಹನದಲ್ಲಿರಲಿ.

ಜೀಪಿನ ವಿಂಚ್ ಹಾಕಬಹುದಾ? ಕಟ್ಟಡದವರ ಮಿನಿ ಹಾಯ್ಸ್ಟ್?

9500 ಪೌಂಡಿನ ಜೀಪ್ ವಿಂಚ್ ನಾಲ್ಕು ಟನ್ ಮೇಲೆ ಎಳೆಯುತ್ತದೆ. ದೋಣಿ ಎಲ್ಲೋ ಕಲ್ಲಿಗೆ ಸಿಕ್ಕಿಕೊಂಡಿದ್ದರೆ ಅದು ನಿಲ್ಲುವುದಿಲ್ಲ. ದೋಣಿಯ ಮೂತಿಯಲ್ಲಿ ಕೊಕ್ಕೆ ಸಿಕ್ಕಿಸುವ ಬಳೆಯನ್ನೇ ಫೈಬರ್ ಸಮೇತ ಕಿತ್ತು ತರುತ್ತದೆ. ಪೂರ್ಣ ಭಾರದಲ್ಲಿ 400 ಆಂಪಿಯರ್ ಆಸುಪಾಸು ಕರೆಂಟು ಕುಡಿಯುತ್ತದೆ, ಹಗುರ ಟ್ರೇಲರ್‌ನ ಮೂತಿಯ ಮೇಲೆ ಮೂವತ್ತು ಕೆಜಿಗೂ ಮೀರಿದ ಭಾರ ಹೇರುತ್ತದೆ. ಬೇಡ.

ಎಟಿವಿ ಎಂಬ, ರಸ್ತೆಯಿಲ್ಲದ ಕಡೆ ಓಡುವ ನಾಲ್ಕು ಗಾಲಿಯ ಸಣ್ಣ ಗಾಡಿಗಳ 2000–2500 ಪೌಂಡಿನ 12 ವೋಲ್ಟ್ ವಿಂಚ್ ನಡೆಯುತ್ತದೆ. ದೋಣಿಗೆಂದೇ ಮಾಡಿದ್ದು ಸಿಗದಿದ್ದಾಗ ಹೆಚ್ಚಿನವರು ಕೊನೆಗೆ ಬರುವುದು ಇದಕ್ಕೇ. ಆದರೆ ಇವುಗಳಲ್ಲಿ ಬಹುತೇಕಕ್ಕೆ ಕೈಯಿಂದ ತಿರುಗಿಸುವ ಹಿಡಿಕೆ ಇರುವುದಿಲ್ಲ, ಓಟವೂ ಸ್ವಲ್ಪ ಜೋರು, ಪೂರ್ಣ ಭಾರದಲ್ಲಿ ಕರೆಂಟು 100 ಆಂಪಿಯರ್ ದಾಟುತ್ತದೆ. ಹಳೆ ಹ್ಯಾಂಡ್ ವಿಂಚನ್ನು ಮಾರದೆ ಇಟ್ಟುಕೊಳ್ಳಿ.

ಇಟ್ಟಿಗೆ, ಸಿಮೆಂಟ್ ಎತ್ತುವ 230 ವೋಲ್ಟ್ ಮಿನಿ ಹಾಯ್ಸ್ಟ್ ಅಗ್ಗ, ಊರೂರಲ್ಲಿ ಸಿಗುತ್ತದೆ. ನೀರಿನ ದಂಡೆಯಲ್ಲಿ, ಒದ್ದೆ ಕೈಯಲ್ಲಿ, ಜನರೇಟರಿನ 230 ವೋಲ್ಟ್ ಹಿಡಿದು ನಿಲ್ಲುವುದು ಜೀವದ ಜೊತೆ ಆಟ. ಅದೂ ಅಲ್ಲದೆ ಅದರ ಹಗ್ಗ ನೆಟ್ಟಗೆ ತೂಗುವ ಭಾರಕ್ಕೆ ಮಾಡಿದ್ದು, ಅಡ್ಡ ಎಳೆದರೆ ಡ್ರಮ್ ಬಿಟ್ಟು ಪಕ್ಕಕ್ಕೆ ಹಾರಿ ಸಿಕ್ಕಿಕೊಳ್ಳುತ್ತದೆ.

ಗೇರು, ಬ್ರೇಕಿನಲ್ಲಿ ಏನು ನೋಡಬೇಕು?

ವರ್ಮ್ ಗೇರಿನ ವಿಂಚ್ ನಿಧಾನ, ಕರೆಂಟೂ ಜಾಸ್ತಿ, ಆದರೆ ಸ್ವಿಚ್ ಬಿಟ್ಟೊಡನೆ ಭಾರವನ್ನು ಹೆಚ್ಚುಕಡಿಮೆ ತಾನೇ ಹಿಡಿದು ನಿಲ್ಲಿಸುತ್ತದೆ. ಪ್ಲಾನೆಟರಿ ಗೇರಿನದು ಚುರುಕು, ಹಗುರ. ಹಿಡಿದಿಡಲು ಪ್ರತ್ಯೇಕ ಬ್ರೇಕ್ ಬೇಕು. ಸಾದಾ ಸ್ಪರ್ ಗೇರಿನಲ್ಲಿ ಬ್ರೇಕ್ ಇದೆಯೋ ಇಲ್ಲವೋ ಎಂದು ಕೇಳಿಯೇ ತೆಗೆದುಕೊಳ್ಳಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಹಗ್ಗದ ತುದಿಯನ್ನು ಗಟ್ಟಿ ಕಂಬಕ್ಕೆ ಸಿಕ್ಕಿಸಿ, ಬಿಗಿಯಾಗುವವರೆಗೆ ಎಳೆದು, ಸ್ವಿಚ್ ಬಿಟ್ಟು, ಡ್ರಮ್ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಹತ್ತು ನಿಮಿಷದಲ್ಲಿ ಗೆರೆ ಜರುಗಿದ್ದರೆ ಬೇರೆ ವಿಂಚ್ ತೋರಿಸಲು ಹೇಳಿ.

ಒಳಕ್ಕೆ ಎಳೆಯುವುದು ಸಾಕೇ, ಹೊರಕ್ಕೂ ಬಿಡಬೇಕೇ?

ಹಿನ್ನೀರಿನ ಸಪಾಟು ದಂಡೆಯಲ್ಲಿ ದೋಣಿ ತಾನಾಗಿ ಜಾರುವುದೇ ಇಲ್ಲ, ತಳ್ಳಿಯೇ ಇಳಿಸಬೇಕು. ಅಲ್ಲಿ ಕ್ಲಚ್ ಸಡಿಲಿಸಿ ಹಗ್ಗ ಬಿಚ್ಚಿಕೊಳ್ಳುವ ಸೌಲಭ್ಯ ಸಾಕು. ಕಲ್ಲು ಕಟ್ಟಿದ ಕಡಿದಾದ ಇಳಿಜಾರಿನಲ್ಲಿ ಹಾಗೆ ಬಿಟ್ಟರೆ ಡ್ರಮ್ ಬುಗುರಿಯಂತೆ ತಿರುಗಿ ಹಗ್ಗ ಗೋಜಲಾಗುತ್ತದೆ. ಅಂಥ ಕಡೆ ಮೋಟರ್ ಬಲದಿಂದಲೇ ಹೊರಕ್ಕೆ ಬಿಡುವುದು ಬೇಕು.

ತಂತಿ ಹಗ್ಗವೋ, ಸಿಂಥೆಟಿಕ್ ಹಗ್ಗವೋ, ಪಟ್ಟಿಯೋ?

ಉಕ್ಕಿನ ತಂತಿ ಹಗ್ಗ ಕಲ್ಲು, ಗರಸು, ಬಿಸಿಲು ಮೂರನ್ನೂ ತಡೆಯುತ್ತದೆ. ನಮ್ಮದು ಸಿಹಿನೀರಾದ್ದರಿಂದ ಕರಾವಳಿಯಷ್ಟು ತುಕ್ಕು ಹಿಡಿಯುವುದಿಲ್ಲ. ಅದರ ಶತ್ರು ಗೋಡು ಮಣ್ಣು: ಎಳೆಗಳ ನಡುವೆ ಸೇರಿ ಒಣಗಿದ ಮೇಲೆ ಸಾಣೆ ಹಿಡಿದಂತೆ ಒಳಗಿನಿಂದ ಸವೆಸುತ್ತದೆ. ಒಂದೆರಡು ಎಳೆ ಮುರಿದು ಮುಳ್ಳಿನಂತೆ ಎದ್ದರೆ ಅಂಗೈ ಸೀಳುತ್ತದೆ. ಚರ್ಮದ ಕೈಗವಸು ಇಲ್ಲದೆ ಮುಟ್ಟಬೇಡಿ, ಮುಳ್ಳು ಎದ್ದ ಹಗ್ಗವನ್ನು ಬದಲಿಸಿ.

ಡೈನೀಮಾ ಜಾತಿಯ ಸಿಂಥೆಟಿಕ್ ಹಗ್ಗ ತೇಲುತ್ತದೆ, ಕೈಗೆ ಮೆತ್ತಗೆ, ತುಂಡಾದರೂ ತಂತಿಯಷ್ಟು ಜೋರಾಗಿ ಬೀಸಿ ಹೊಡೆಯುವುದಿಲ್ಲ. ಆದರೆ 145 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕರಗುತ್ತದೆ. ಡ್ರಮ್‌ನ ಒಳಗೇ ಬ್ರೇಕ್ ಇರುವ ವಿಂಚ್‌ನಲ್ಲಿ ಭಾರವಿಟ್ಟು ಹೊರಕ್ಕೆ ಬಿಡುತ್ತ ಹೋದರೆ ಕೆಳಪದರ ಬೆಂದುಹೋಗುವುದುಂಟು. ವರ್ಷವಿಡೀ ಬಿಸಿಲಲ್ಲಿ ನಿಲ್ಲುವ ಟ್ರೇಲರ್‌ನಲ್ಲಿ ಮುಚ್ಚದೇ ಬಿಟ್ಟರೆ ಮೇಲುಪದರ ಪುಡಿಯಾಗುತ್ತದೆ. ತಂತಿ ಹಗ್ಗಕ್ಕೆಂದು ಬಳಸಿ ಗೀರು ಬಿದ್ದ ರೋಲರ್ ಮೇಲೆ ಸಿಂಥೆಟಿಕ್ ಓಡಿಸಿದರೆ ಗರಗಸಕ್ಕೆ ಕೊಟ್ಟಂತೆ.

50 ಮಿ.ಮೀ. ಪಾಲಿಯೆಸ್ಟರ್ ಪಟ್ಟಿ ಗೋಜಲಾಗುವುದಿಲ್ಲ, ಆದರೆ ಪ್ರತಿ ಸುತ್ತೂ ಒಂದರ ಮೇಲೊಂದು ಕೂತು ವ್ಯಾಸ ಬೇಗ ಏರಿ ಬಲ ಇಳಿಯುತ್ತದೆ. ಹ್ಯಾಂಡ್ ವಿಂಚ್‌ಗೆ ಸರಿ.

ಯಾವುದೇ ಹಗ್ಗವಿರಲಿ, ಅದು ತುಂಡಾಗುವ ಭಾರ ವಿಂಚ್‌ನ ನೇರ ಎಳೆತದ ಮೂರು ಪಟ್ಟಿಗೆ ಕಡಿಮೆ ಇರಬಾರದು. ಪೂರ್ತಿ ಬಿಚ್ಚಿದಾಗಲೂ ಡ್ರಮ್ ಮೇಲೆ ತಂತಿಯಾದರೆ ಐದು ಸುತ್ತು, ಸಿಂಥೆಟಿಕ್ ಆದರೆ ಎಂಟರಿಂದ ಹತ್ತು ಸುತ್ತು ಉಳಿಯಲೇಬೇಕು. ಭಾರ ಹಿಡಿಯುವುದು ಆ ಸುತ್ತುಗಳ ಬಿಗಿತ. ತುದಿಯ ಸಣ್ಣ ಸ್ಕ್ರೂ ಹಗ್ಗ ಉದುರದಂತೆ ಇಟ್ಟದ್ದಷ್ಟೇ.

ಬ್ಯಾಟರಿ ಎಲ್ಲಿಂದ? ಗಾಡಿಯದೇ ಸಾಕಾ?

ಸಾಕು. ಹೆದರಿಕೆ ಅನಗತ್ಯ. 300 ಕೆಜಿಯನ್ನು ನಿಮಿಷಕ್ಕೆ ಮೂರು ಮೀಟರ್ ಎಳೆಯಲು ಬೇಕಾದದ್ದು ಸುಮಾರು 147 ವ್ಯಾಟ್. ಗೇರು, ಮೋಟರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪೋಲಾಗುವುದನ್ನು ಹಿಡಿದರೂ 370 ವ್ಯಾಟ್, ಅಂದರೆ 30 ಆಂಪಿಯರ್. ಆರು ಮೀಟರ್ ಎಳೆಯಲು ಎರಡು ನಿಮಿಷ. ಬ್ಯಾಟರಿಯಿಂದ ಹೋಗುವುದು ಒಂದು ಆಂಪಿಯರ್-ಗಂಟೆ. ಎಳೆಯುವಾಗ ಎಂಜಿನ್ ಚಾಲೂ ಇರಲಿ, ಅಷ್ಟೇ.

ಬೊಲೆರೊ, ಪಿಕಪ್, ಟ್ರ್ಯಾಕ್ಟರ್‌ಗಳಲ್ಲಿ 12 ವೋಲ್ಟ್. ದೊಡ್ಡ ಲಾರಿಗಳಲ್ಲಿ 24 ವೋಲ್ಟ್. ಅಲ್ಲಿ ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದರೆ ಒಂದು ಸೊರಗಿ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಎರಡೂ ಹಾಳಾಗುತ್ತವೆ. ಈ ದಿನ ಟ್ರ್ಯಾಕ್ಟರ್, ನಾಳೆ ಲಾರಿ ಎಂದು ಎಳೆಯುವ ಗಾಡಿ ಬದಲಾಗುತ್ತಿದ್ದರೆ ಟ್ರೇಲರ್ ಮೇಲೆಯೇ 35 ಆಂಪಿಯರ್-ಗಂಟೆಯ ಬ್ಯಾಟರಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿ. 2019ರ ಆಗಸ್ಟ್ ನೆರೆಯಂಥ ಹೊತ್ತಿನಲ್ಲಿ ದೋಣಿಯನ್ನು ಯಾವ ಗಾಡಿ ಎಳೆದುಕೊಂಡು ಬರುತ್ತದೋ ಹೇಳಲಾಗದು, ಆದ್ದರಿಂದ ರಕ್ಷಣಾ ತಂಡಗಳಿಗೆ ಇದೇ ಸರಿ. ಅದನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡುವುದನ್ನು ಯಾರ ಕೆಲಸವೆಂದು ಮೊದಲೇ ಗೊತ್ತುಮಾಡಿ.

ಎಷ್ಟು ದಪ್ಪದ ವೈರು?

ನಿಧಾನವಾಗಿ ಓದಬೇಕಾದ ಉತ್ತರ ಇದು. «ವಿಂಚ್ ಕೆಟ್ಟಿದೆ» ಎಂದು ಬರುವ ದೂರುಗಳಲ್ಲಿ ವಿಂಚ್ ಸರಿಯಾಗಿಯೇ ಇದ್ದು ವೈರು ಸಣ್ಣದಾಗಿರುವುದೇ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಮೋಟರ್ ಬಿಚ್ಚಿಸುತ್ತಾರೆ.

ಬೊಲೆರೊದ ಬಾನೆಟ್ಟಿನಿಂದ ಟ್ರೇಲರ್ ಮೂತಿಯ ವಿಂಚ್‌ವರೆಗೆ ಏಳು ಮೀಟರ್. ಕರೆಂಟು ಹೋಗಿ ಮರಳಿ ಬರಬೇಕು, ಲೆಕ್ಕಕ್ಕೆ 14 ಮೀಟರ್. ಜೋರು ಎಳೆತದಲ್ಲಿ 60 ಆಂಪಿಯರ್ ಹರಿದರೆ, 6 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ದಾರಿಯಲ್ಲೇ 2.4 ವೋಲ್ಟ್ ಕಳೆದುಹೋಗುತ್ತದೆ. 12 ವೋಲ್ಟ್ ಹೊರಟಿದ್ದು ಮೋಟರ್‌ಗೆ 9.6 ಆಗಿ ಮುಟ್ಟುತ್ತದೆ. ಮೋಟರ್ ಮುಲುಕುತ್ತದೆ, ವೈರು ಕಾಯುತ್ತದೆ, ಮೋಟರ್‌ಗೆ ಕರೆಂಟು ಹಾಯಿಸುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಕಟಕಟ ಎನ್ನುತ್ತದೆ. 16 ಚದರ ಮಿ.ಮೀ. ಹಾಕಿದರೆ ನಷ್ಟ 0.9 ವೋಲ್ಟ್, 25 ಹಾಕಿದರೆ 0.6. ದೋಣಿಯ ವಿಂಚ್‌ಗೆ 16, ಎಟಿವಿ ವಿಂಚ್‌ಗೆ 25. ಟ್ರೇಲರ್ ದೀಪದ ಏಳು ಪಿನ್ನಿನ ಸಾಕೆಟ್‌ನಿಂದ ಕರೆಂಟು ತೆಗೆದರೆ ಆ ಎಳೆವೈರು ಊದಿನಕಡ್ಡಿಯಂತೆ ಹೊಗೆಯಾಡುತ್ತದೆ.

ವೆಲ್ಡಿಂಗ್ ಕೇಬಲ್ ಬಳಸಿ: ಬಾಗುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಅದೇ ದಪ್ಪಕ್ಕೆ ಒಂದೂವರೆ ಪಟ್ಟು ನಷ್ಟ. ಕೇಬಲ್ ತುದಿಗೆ ಹಾಕುವ, ಬೋಲ್ಟಿಗೆ ಸಿಕ್ಕಿಸುವ ಉಂಗುರದ ಲಗ್ಗನ್ನು ಪ್ರೆಸ್ ಉಪಕರಣದಿಂದ ಒತ್ತಿಸಿ. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ ಮೊದಲ ಮಳೆಗಾಲದಲ್ಲೇ ಹಸಿರುಗಟ್ಟುತ್ತದೆ.

ನೆಗೆಟಿವ್‌ಗೂ ಅಷ್ಟೇ ದಪ್ಪದ ಪ್ರತ್ಯೇಕ ಕೇಬಲ್ ಬ್ಯಾಟರಿವರೆಗೆ ಎಳೆಯಿರಿ. «ಚಾಸಿಗೆ ಅರ್ಥ್ ಕೊಟ್ಟರೆ ಆಯ್ತು» ಎನ್ನುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಗಾಡಿಗೂ ಟ್ರೇಲರ್‌ಗೂ ಕಬ್ಬಿಣದ ಸಂಬಂಧ ಇರುವುದು ಕೊಂಡಿಯೊಂದರಲ್ಲಿ, ಅದಕ್ಕೂ ಗ್ರೀಸ್ ಬಳಿದಿರುತ್ತದೆ. ಅಲ್ಲಿ ಕಿಡಿ ಹಾರುತ್ತದೆ, ವಿಂಚ್ ತಿರುಗುವುದಿಲ್ಲ.

ಪಾಸಿಟಿವ್ ಕೇಬಲ್‌ಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇಲ್ಲವೇ ಸರ್ಕ್ಯೂಟ್ ಬ್ರೇಕರ್: 16 ಚದರ ಮಿ.ಮೀ. ಕೇಬಲ್‌ಗೆ 80 ಆಂಪಿಯರ್, 25ಕ್ಕೆ 100ರಿಂದ 125. ಇದು ಕಾಯುವುದು ವೈರನ್ನು, ವಿಂಚನ್ನಲ್ಲ. ವಿಂಚ್ ಹತ್ತಿರ ಇಟ್ಟರೆ ನಡುವಿನ ಏಳು ಮೀಟರ್ ಅನಾಥ. ಗಾಡಿಗೂ ಟ್ರೇಲರ್‌ಗೂ ನಡುವೆ ದಪ್ಪ ಕೇಬಲ್ ಕೂಡಿಸಿ ಬಿಚ್ಚಲು ಬರುವ ಆಂಡರ್ಸನ್ ಜಾತಿಯ ಕನೆಕ್ಟರ್ ಹಾಕಿ. 50 ಆಂಪಿಯರಿನದು ಚಿಕ್ಕ ವಿಂಚ್‌ಗೆ ಸರಿ, ಉಳಿದವಕ್ಕೆ 175ರದು. ಬಿಚ್ಚಿದಾಗ ಬಾಯಿಗೆ ಮುಚ್ಚಳವಿರಲಿ, ಇಲ್ಲದಿದ್ದರೆ ನಮ್ಮ ರಸ್ತೆಯ ಧೂಳು ಒಂದೇ ಪ್ರಯಾಣದಲ್ಲಿ ತುಂಬಿಕೊಳ್ಳುತ್ತದೆ.

ಈಗಿರುವ ಹ್ಯಾಂಡ್ ವಿಂಚ್‌ನ ಕಂಬಕ್ಕೇ ಬೋಲ್ಟ್ ಹಾಕಬಹುದಾ?

ಕಂಬವನ್ನು ಮೊದಲು ಕೈಯಿಂದ ಅಲುಗಿಸಿ ನೋಡಿ. ಎರಡು ಮಿ.ಮೀ. ದಪ್ಪದ ಪೈಪು, ಎರಡೇ ಯು-ಬೋಲ್ಟ್ ಇದ್ದರೆ ಸಾಲದು. ಮನುಷ್ಯ ಕೈಗೆ ಬಿಗಿ ಅನ್ನಿಸಿದೊಡನೆ ನಿಲ್ಲಿಸುತ್ತಾನೆ, ಮೋಟರ್‌ಗೆ ಆ ತಿಳಿವಳಿಕೆ ಇಲ್ಲ. ಟ್ರ್ಯಾಲಿ ಮಾಡುವ ಯಾವ ವೆಲ್ಡಿಂಗ್ ಅಂಗಡಿಯೂ ಇದನ್ನು ಗಟ್ಟಿ ಮಾಡಿಕೊಡುತ್ತದೆ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಅಳತೆಗೆ ತಕ್ಕ ಪ್ಲೇಟನ್ನೂ ಕೊರೆಸಬಹುದು. 8 ಮಿ.ಮೀ. ಪ್ಲೇಟು, ಕಂಬದಿಂದ ಟ್ರೇಲರ್‌ನ ಮೂತಿಯ ಕಡೆಗೆ ಓರೆಯಾಗಿ ಒಂದು ಆಸರೆ, ನಾಲ್ಕು ಎಂ10 ಬೋಲ್ಟ್, 8.8 ದರ್ಜೆ, ನೈಲಾನ್ ನಟ್, ಬಿಗಿತ 45–50 ನ್ಯೂಟನ್ ಮೀಟರ್. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿಲ್ಲದಿದ್ದರೆ ಅದು ಗೇಟಿಗೆ ಹಾಕುವ ಬೋಲ್ಟು. ಗಾಲ್ವನೈಸ್ ಮಾಡಿದ ಟ್ರೇಲರ್ ಆದರೆ ವೆಲ್ಡಿಂಗ್ ಬೇಡ, ಬೋಲ್ಟೇ ಸರಿ. ಸುಟ್ಟ ಜಾಗದಿಂದ ತುಕ್ಕು ಶುರುವಾಗುತ್ತದೆ.

ಎತ್ತರದ ವಿಷಯ: ದೋಣಿ ಪೂರ್ತಿ ಏರಿ ಕೂತಾಗ ಡ್ರಮ್‌ನಿಂದ ಮೂತಿಯ ಬಳೆಗೆ ಹಗ್ಗ ಹೆಚ್ಚುಕಡಿಮೆ ಸಮವಾಗಿರಬೇಕು, ಬಳೆ, ದೋಣಿಯ ಮೂತಿ ತಾಗಿ ನಿಲ್ಲುವ ಕಂಬದ ರಬ್ಬರ್ ರೋಲರ್‌ನ ಕೆಳಗೆ ಬಂದು ನಿಲ್ಲಬೇಕು. ವಿಂಚ್ ತಗ್ಗಿನಲ್ಲಿದ್ದರೆ ದೋಣಿಯ ಮೂತಿಯನ್ನು ರೋಲರ್‌ಗೆ ಒತ್ತಿ ಹಿಡಿಯುತ್ತದೆ, ಅರ್ಧ ಬಲ ಅಲ್ಲೇ ಹೋಗುತ್ತದೆ.

ಬೇಸಿಗೆಯಲ್ಲಿ ಆಲಮಟ್ಟಿ ನೀರು ದೂರ ಸರಿದಾಗ ಏನು ಮಾಡಬೇಕು?

ಜಲಾಶಯ ತುಂಬಿದಾಗಿನ ಮಟ್ಟ 519.60 ಮೀಟರ್. ಶೇ. 2ರ ಇಳಿಜಾರಿನ ಹೊಲದಂಥ ದಂಡೆಯಲ್ಲಿ ನೀರು ಒಂದು ಮೀಟರ್ ಇಳಿದರೆ ಅಂಚು 50 ಮೀಟರ್ ಹಿಂದೆ ಸರಿಯುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟ ಎರಿ ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಬೆಣ್ಣೆ. ಗಾಡಿಯನ್ನು ಅದರ ಮೇಲೆ ಇಳಿಸುವ ಮುನ್ನ ಹಾರೆ ಚುಚ್ಚಿ ನೋಡಿ. ಕೈಬಲಕ್ಕೇ ಒಂದು ಅಡಿ ಇಳಿದರೆ ಅಲ್ಲಿಗೆ ಹೋಗಬೇಡಿ. ಗಾಡಿ ಗಟ್ಟಿ ನೆಲದಲ್ಲೇ ನಿಲ್ಲಲಿ, ಉಳಿದ ದೂರಕ್ಕೆ ಪಟ್ಟಿ ಜೋಡಿಸಿ ಕಂತುಕಂತಾಗಿ ಎಳೆಯಿರಿ.

ಮಣ್ಣು ಹಿಡಿದ ದೋಣಿಯನ್ನು ಒಮ್ಮೆಲೇ ಜಗ್ಗಬೇಡಿ. ಇಬ್ಬರು ಹಿಂಭಾಗ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ತಳದ ಅಂಚಿಗೆ ನಾಲ್ಕು ಬಕೆಟ್ ನೀರು ಹೊಯ್ದು, ಗಾಳಿ ಒಳಹೋಗುವಂತೆ ಮಾಡಿದರೆ ಹಿಡಿತ ಬಿಡುತ್ತದೆ. ದಾರಿಗೆ ಅಡ್ಡಲಾಗಿ ಒಂದು ಮೀಟರಿಗೊಂದು ಪಿವಿಸಿ ಪೈಪ್ ತುಂಡು ಹಾಸಿದರೆ ದೋಣಿ ಉರುಳಿಕೊಂಡು ಬರುತ್ತದೆ.

ಇನ್ನೂ ಬಲ ಬೇಕೆಂದರೆ ಪಕ್ಕ ತೆರೆದುಕೊಳ್ಳುವ ಪುಲ್ಲಿ; ಅಂಗಡಿಯಲ್ಲಿ ಸ್ನ್ಯಾಚ್ ಬ್ಲಾಕ್ ಎಂದು ಕೇಳಿ. ಅದನ್ನು ದೋಣಿಯ ಬಳೆಗೆ ಸಿಕ್ಕಿಸಿ ಹಗ್ಗವನ್ನು ಮರಳಿ ಟ್ರೇಲರ್‌ನ ಚೌಕಟ್ಟಿಗೆ ತಂದು ಕಟ್ಟಿದರೆ ಎಳೆತ ಎರಡು ಪಟ್ಟು, ವೇಗ ಅರ್ಧ. ಹಗ್ಗವೂ ಎರಡು ಪಟ್ಟು ಹೊರಬರುವುದರಿಂದ ವಿಂಚ್ ಬಲವಾದ ಕೆಳಪದರದಲ್ಲಿ ಕೆಲಸ ಮಾಡುತ್ತದೆ. ತುದಿಯನ್ನು ವಿಂಚ್ ಕಂಬಕ್ಕೆ ಕಟ್ಟಬೇಡಿ, ಕಂಬ ಬಾಗುತ್ತದೆ. ಬಳೆಯ ಮೇಲೂ ಎರಡು ಪಟ್ಟು ಭಾರ ಬೀಳುವುದರಿಂದ ಒಳಗಡೆ ಅದಕ್ಕೆ ಪ್ಲೇಟು ಕೊಟ್ಟಿದ್ದಾರೋ ನೋಡಿಕೊಳ್ಳಿ.

ಎಳೆಯುವಾಗ ಯಾವ ಎಚ್ಚರ?

ವಿಂಚ್ ದೋಣಿಯನ್ನು ಎಳೆಯುವಷ್ಟೇ ಬಲದಿಂದ ಟ್ರೇಲರನ್ನೂ ನೀರಿನ ಕಡೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು, ಅವು ನಿಂತಿರುವುದು ಒದ್ದೆ ನೆಲದಲ್ಲಿ. ನಾಲ್ಕೂ ಗಾಲಿಗೆ ಕಲ್ಲು ಕೊಡಿ. ಗಾಡಿಯಿಂದ ಟ್ರೇಲರ್ ಬಿಚ್ಚಿ ವಿಂಚ್ ಓಡಿಸುವುದು ಬೇಡವೇ ಬೇಡ: ದೋಣಿಯ ಭಾರ ಹಿಂದೆ ಬಿದ್ದೊಡನೆ ಕೊಂಡಿ ಆಕಾಶ ನೋಡುತ್ತದೆ.

ಬಿಗಿದ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು, ಮೇಲೆ ದಾಟಬಾರದು. ತಂತಿ ಹಗ್ಗವಾದರೆ ನಡುವೆ ಒದ್ದೆ ಗೋಣಿಚೀಲ ಹಾಕಿ; ತುಂಡಾದಾಗ ಅದು ನೆಲಕ್ಕೆ ಒತ್ತುತ್ತದೆ. ದಂಡೆಯಲ್ಲಿ ಹುಡುಗರು ಸೇರುವುದು ಸಹಜ, ಅವರನ್ನು ಹಗ್ಗದ ಎರಡು ಪಟ್ಟು ದೂರಕ್ಕೆ ಕಳಿಸಿ ಆಮೇಲೆ ಸ್ವಿಚ್ ಒತ್ತಿ.

ವೈರ್‌ಲೆಸ್ ರಿಮೋಟ್ ಅನುಕೂಲವೇ, ಒಬ್ಬರೇ ಇದ್ದಾಗ ದೋಣಿಯ ಪಕ್ಕದಲ್ಲೇ ನಿಂತು ಎಳೆಯಬಹುದು. ಆದರೆ ಅದನ್ನೊಂದನ್ನೇ ನಂಬಬೇಡಿ. ವೈರಿನ ರಿಮೋಟ್ ಡಬ್ಬಿಯಲ್ಲಿರಲಿ, ಬ್ಯಾಟರಿ ಕಡಿತಗೊಳಿಸುವ ಕೆಂಪು ತಿರುಗು ಸ್ವಿಚ್ ಕೈಗೆಟುಕುವಲ್ಲಿರಲಿ. ಸೊಲೆನಾಯ್ಡ್ ಅಂಟಿಕೊಂಡರೆ ರಿಮೋಟ್ ಬಿಟ್ಟರೂ ವಿಂಚ್ ನಿಲ್ಲುವುದಿಲ್ಲ.

ರಸ್ತೆಯಲ್ಲಿ ದೋಣಿಯನ್ನು ವಿಂಚ್ ಹಗ್ಗವೇ ಹಿಡಿದಿದ್ದರೆ ಸಾಲದೇ?

ಸಾಲದು. ಗುಂಡಿಗೆ ಬಿದ್ದ ಪ್ರತಿ ಏಟೂ ಗೇರಿನ ಹಲ್ಲಿಗೆ ಬೀಳುತ್ತದೆ. ಮೂತಿಗೆ ಸರಪಳಿ, ಹಿಂಭಾಗಕ್ಕೆ ಎರಡು ರ‍್ಯಾಚೆಟ್ ಪಟ್ಟಿ ಬಿಗಿದು, ಆಮೇಲೆ ವಿಂಚ್ ಹಗ್ಗವನ್ನು ಒಂದು ಬೆರಳಿನಷ್ಟು ಸಡಿಲಿಸಿ.

ತೊಂದರೆ ಬಂದರೆ ಎಲ್ಲಿಂದ ಹುಡುಕುವುದು?

ಕಟಕಟ ಸದ್ದು ಬಂದು ತಿರುಗದಿದ್ದರೆ, ಎಳೆಯುವಾಗಲೇ ವಿಂಚ್‌ನ ಎರಡು ಟರ್ಮಿನಲ್ ನಡುವೆ ಮೀಟರ್ ಇಟ್ಟು ವೋಲ್ಟ್ ನೋಡಿ. 10.5ಕ್ಕಿಂತ ಕಡಿಮೆ ಇದ್ದರೆ ತಪ್ಪು ಬ್ಯಾಟರಿಯಿಂದ ವಿಂಚ್‌ವರೆಗಿನ ದಾರಿಯಲ್ಲಿದೆ; ಪ್ರತಿ ಜೋಡಣೆಯನ್ನು ಮುಟ್ಟಿ, ಬಿಸಿಯಾದದ್ದೇ ಕಳ್ಳ. 11.5 ಇದ್ದೂ ತಿರುಗದಿದ್ದರೆ ಸೊಲೆನಾಯ್ಡ್ ಇಲ್ಲವೇ ಮೋಟರ್‌ನ ಕಾರ್ಬನ್ ಬ್ರಷ್.

ಹಗ್ಗ ಒಂದೇ ಪಕ್ಕಕ್ಕೆ ಗುಡ್ಡೆಯಾಗುತ್ತಿದ್ದರೆ ಟ್ರೇಲರ್ ಓರೆ ನಿಂತಿದೆ ಎಂದರ್ಥ. ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತುಹೋದರೆ ಹಗ್ಗವನ್ನು ಭಾರವಿಲ್ಲದೆ ಸಡಿಲವಾಗಿ ಸುತ್ತಿದ್ದೀರಿ. ಪೂರ್ತಿ ಬಿಚ್ಚಿ, ಯಾರಾದರೂ ಇನ್ನೊಂದು ತುದಿ ಬಿಗಿಯಾಗಿ ಹಿಡಿದು 30–40 ಕೆಜಿ ಜಗ್ಗುತ್ತಿರುವಾಗ ಮತ್ತೆ ಸುತ್ತಿಸಿ. ಹೊಸ ವಿಂಚ್‌ಗೂ ಮೊದಲ ಕೆಲಸ ಇದೇ.

ಮೋಟರ್ ಮೈ ಕೈಯಿಡಲಾಗದಷ್ಟು ಕಾದರೆ ಹದಿನೈದು ನಿಮಿಷ ಬಿಡಿ. ಇವು ಎಡೆಬಿಡದೆ ಓಡಲು ಮಾಡಿದ ಮೋಟರ್‌ಗಳಲ್ಲ. ನೆಲ, ಗಾಳಿ ಎರಡೂ ಕಾದಿರುವ ಏಪ್ರಿಲ್-ಮೇನಲ್ಲಿ ಈ ಮಿತಿ ಬೇಗ ಬರುತ್ತದೆ.

ನಿರ್ವಹಣೆ ಹೆಚ್ಚಿಲ್ಲ. ರಾಡಿಯಾದ ದಿನವೇ ಹಗ್ಗ ಪೂರ್ತಿ ಬಿಚ್ಚಿ ನೀರಿನಿಂದ ತೊಳೆದು ಒಣಗಿಸಿ; ತಂತಿಯಾದರೆ ತೆಳು ಎಣ್ಣೆ ಒರೆಸಿ, ಗ್ರೀಸ್ ಬೇಡ, ಅದು ಧೂಳನ್ನು ಕರೆದು ಕೂಡಿಸುತ್ತದೆ. ತೊಳೆಯುವ ಪ್ರೆಶರ್ ಗನ್ನನ್ನು ಮೋಟರ್ ಕಡೆ ತಿರುಗಿಸಬೇಡಿ, ನೀರು ಒಳಹೋಗದು ಎಂಬ ಐಪಿ67 ಗುರುತು ಬರೆದಿದ್ದರೂ. ಕಣಜದ ಪಕ್ಕ ನಿಲ್ಲಿಸುವ ಟ್ರೇಲರ್ ಆದರೆ ಇಲಿ ವೈರು ಕಡಿದಿದೆಯೇ ಎಂದು ಪ್ರತಿ ಸಲ ನೋಡಿ.

ಹಳೆ ವಿಂಚ್ ಕೊಳ್ಳಬಹುದಾ?

ಬ್ರಷ್, ಸೊಲೆನಾಯ್ಡ್, ಹಿಡಿಕೆ ಈಗಲೂ ಸಿಗುತ್ತವೆಯೇ ಎಂದು ಮೊದಲು ಕೇಳಿ. ಆಮೇಲೆ ಭಾರವಿಲ್ಲದೆ ಎರಡು ನಿಮಿಷ ಓಡಿಸಿ ಕ್ಲ್ಯಾಂಪ್ ಮೀಟರ್‌ನಲ್ಲಿ ಕರೆಂಟು ನೋಡಿ. ಅದು ನಿಧಾನವಾಗಿ ಏರುತ್ತಲೇ ಹೋದರೆ ಬುಷ್ ಇಲ್ಲವೇ ಬೇರಿಂಗ್ ಹಿಡಿಯುತ್ತಿದೆ. ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರೇ ಬೇಕು, ಮನೆ ವೈರಿಂಗ್‌ನವರ ಬಳಿ ಇರುವುದು ಸಾಮಾನ್ಯವಾಗಿ ಎಸಿಯದು. ಕೊನೆಗೆ ಸೀಮೆಸುಣ್ಣದ ಗೆರೆಯ ಪರೀಕ್ಷೆ. ಗೇರು ಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ. ಹಗ್ಗ ಎಷ್ಟೇ ಚೆನ್ನಾಗಿ ಕಂಡರೂ ಹಳೆಯದನ್ನು ಬಿಟ್ಟು ಹೊಸದು ಹಾಕಿ, ಆ ದುಡ್ಡನ್ನು ಚೌಕಾಸಿಯಲ್ಲೇ ಕಳೆಯಿರಿ.